ಡಬಲ್ ಬೆಲ್ ಸದಾಶಿವಣ್ಣ

ಇವತ್ತು ಐದು ಗಂಟೆಗೆ ನೀರು ಬಂತು. ಎರಡು ಡ್ರಮ್ಮು, ಮೂರು ಕೊಡ ತುಂಬಿಸಿದೆ. ಹಾಲು ಕಾಯಿಸಿದೆ. ಯಜಮಾನರ ಬಿಪಿ ಮಾತ್ರೆ ಮುಗಿದಿತ್ತು, ಸ್ಟೇಷನ್ ರಸ್ತೆಗೆ ಹೋಗಿ ತಂದೆ. ಬರುವಾಗ ಅರ್ಧ ಕಿಲೋ ಬದನೆಕಾಯಿ, ಒಂದು ಕಟ್ಟು ಕೊತ್ತಂಬರಿ. ಪಕ್ಕದ ಮನೆಯವರು ಗ್ಯಾಸ್ ಆರಿಸಿದ್ದಾರೋ ಇಲ್ಲವೋ ಎಂದು ಎರಡು ಸಲ ನೋಡಿ ಬಂದೆ. ಅವರ ತುಳಸಿ ಕುಂಡವನ್ನು ನಮ್ಮ ಗ್ಯಾಲರಿಗೆ ತಂದು, ನಮ್ಮ ತುಳಸಿಯ ಪಕ್ಕದಲ್ಲಿ, ಒಂದಕ್ಕೊಂದು ತಾಗದ ಹಾಗೆ ಇಟ್ಟೆ. ಅವರ ಬೀಗದ ಕೈಯನ್ನು ದೇವರ ಗೂಡಿನ ಮೊಳೆಗೆ ನೇತುಹಾಕಿದೆ. ಗಿರಿಜಾ ಹೊರಡುತ್ತಾಳೋ ಇಲ್ಲವೋ ಎಂಬುದು ಟ್ಯಾಕ್ಸಿ ಬರುವವರೆಗೂ ಯಾರಿಗೂ ಗೊತ್ತಿರಲಿಲ್ಲ, ಗಿರಿಜಾಳಿಗೇ ಗೊತ್ತಿರಲಿಲ್ಲ. ಆ ಗಡಿಬಿಡಿಯಲ್ಲಿ ಬಟ್ಟೆ ಮಡಿಸುವ ಕೆಲಸ ಒಂದು ಉಳಿದುಹೋಯಿತು.

ಆ ಬೀಗದ ಕೈ ಸದಾಶಿವಣ್ಣನದು. ಗಿರಿಜಾ ಅವರ ಹೆಂಡತಿ. ಚೆಂಬೂರಿನ ಈ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಅವರದೂ ನಮ್ಮದೂ ಹತ್ತೊಂಬತ್ತು ವರ್ಷದಿಂದ ಒಂದೇ ಗೋಡೆ. ಅವರು ಉಡುಪಿ ಕಡೆಯವರು, ನಾವು ಹಾಸನದವರು. ಅವರ ಮನೆಯಲ್ಲಿ ತೆಂಗಿನೆಣ್ಣೆಯ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಹಸಿವಾಗುತ್ತದೆ, ಅಷ್ಟು ಹತ್ತಿರ.

ಸದಾಶಿವಣ್ಣನನ್ನು ನೆನೆದ ಕೂಡಲೇ ನನ್ನ ಕಣ್ಣಿಗೆ ಬರುವುದು ಅವರ ಬಲಗಾಲು. ಇಪ್ಪತ್ತೆರಡು ವರ್ಷ ಮುಂಬಯಿಯ ಕೆಂಪು ಬಸ್ಸು ಓಡಿಸಿದ ಆ ಕಾಲಿಗೆ ಮನೆಗೆ ಬಂದ ಮೇಲೂ ಡ್ಯೂಟಿ ಮುಗಿಯುತ್ತಿರಲಿಲ್ಲ. ಲಿಫ್ಟು ಮೂರನೆಯ ಮಾಳಿಗೆಗೆ ಬರುವ ಹೊತ್ತಿಗೆ ಅವರು ನೆಲವನ್ನು ಒತ್ತಿ ಅದನ್ನು ನಿಲ್ಲಿಸುತ್ತಿದ್ದರು. ಟಿವಿಯಲ್ಲಿ ಯಾರಾದರೂ ಕಾರನ್ನು ವೇಗವಾಗಿ ಓಡಿಸಿದರೆ ನಮ್ಮ ಸೋಫಾದ ಕೆಳಗಿನ ಕಾಲೊರಸು ಮಡಿಕೆಯಾಗುತ್ತಿತ್ತು. ನಮ್ಮ ಯಜಮಾನರು ಊರಿನ ಜಮೀನಿನ ಕಥೆ ತೆಗೆದು ಒಂದರ ಮೇಲೊಂದು ಹೇಳುತ್ತಾ ಹೋದರೆ, ಸದಾಶಿವಣ್ಣನ ಮುಖ ನಗುತ್ತಲೇ ಇರುತ್ತಿತ್ತು, ಕಾಲು ಮಾತ್ರ ಬ್ರೇಕು ಒತ್ತುತ್ತಿತ್ತು. ನಾನು ಅದನ್ನು ನೋಡಿ ಕಾಫಿ ತರಲು ಎದ್ದುಬಿಡುತ್ತಿದ್ದೆ.

ಅವರ ಇನ್ನೊಂದು ಅಭ್ಯಾಸ ನಮ್ಮ ಬಾಗಿಲ ಬೆಲ್ಲಿನದು. ಮುಂಬಯಿ ಬಸ್ಸಿನಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಕಂಡಕ್ಟರು ಹಗ್ಗ ಒಂದು ಸಲ ಎಳೆದು ಟಣ್ ಅನ್ನಿಸಿದರೆ ಡ್ರೈವರು ನಿಲ್ಲಿಸಬೇಕು. ಎರಡು ಸಲ ಎಳೆದು ಟಣ್ ಟಣ್ ಅನ್ನಿಸಿದರೆ ಹೊರಡಬೇಕು. ಡ್ರೈವರು ಹಿಂದೆ ತಿರುಗಿ ನೋಡುವುದಿಲ್ಲ, ಮಾತಿಗೆ ಕಾಯುವುದಿಲ್ಲ. ಕಿವಿಯಿಂದ ನೇರವಾಗಿ ಕಾಲಿಗೆ ಹೋಗುತ್ತದೆ. ಸದಾಶಿವಣ್ಣ ನಮ್ಮ ಮನೆಗೆ ಬರುವಾಗ ಒಂದು ಬೆಲ್ ಒತ್ತುತ್ತಿದ್ದರು. ಹೋಗುವಾಗ, ನಾನು ಬಾಗಿಲು ಹಾಕಿದ ಮೇಲೆ, ಹೊರಗಿನಿಂದ ಎರಡು ಬೆಲ್ ಒತ್ತಿ ಹೋಗುತ್ತಿದ್ದರು. ಹೊಸದರಲ್ಲಿ ನಾನು ಮತ್ತೆ ಬಾಗಿಲು ತೆರೆದು, “ಏನು ಸದಾಶಿವಣ್ಣ, ಏನಾದರೂ ಮರೆತಿರಾ?” ಎಂದು ಕೇಳಿದ್ದೆ.

“ಇಲ್ಲ ಅಕ್ಕ. ಹೊರಟೆ ಅಂತ ಹೇಳಿದ್ದು,” ಎಂದಿದ್ದರು.

ನಾಲ್ಕೇ ಹೆಜ್ಜೆಯ ಆಚೆಯ ಮನೆಗೆ ಹೋಗಲು ಡಬಲ್ ಬೆಲ್. ಬಿಲ್ಡಿಂಗಿನವರು ಇಟ್ಟ ಹೆಸರು ಹಾಗೆ ಬಂದದ್ದು.

ಅವರು ಚೆಂಬೂರಿನಿಂದ ಬಾಂದ್ರಾಕ್ಕೆ, ಬಾಂದ್ರಾದಿಂದ ಚೆಂಬೂರಿಗೆ ಬಸ್ಸು ಓಡಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಮೇಲೆ ಒಂದೇ ಒಂದು ಕಂಪ್ಲೇಂಟು ಇರಲಿಲ್ಲ. ಈ ಮಾತನ್ನು ಅವರು ಹೇಳಿಕೊಳ್ಳುತ್ತಿರಲಿಲ್ಲ. ಗಿರಿಜಾ ಹೇಳುತ್ತಿದ್ದಳು, ಅದೂ ಅವರನ್ನು ಬೈಯುವಾಗ. “ಮನೆಯಲ್ಲಿ ಒಂದು ಮೊಳೆ ನೆಟ್ಟಗೆ ಹೊಡೀಲಿಕ್ಕೆ ಬರುದಿಲ್ಲ, ರಸ್ತೆಯಲ್ಲಿ ಮಾತ್ರ ಒಂದು ಕಂಪ್ಲೇಂಟ್ ಇಲ್ಲ ಇವರ ಮೇಲೆ.”

ಅವರ ಮಗಳ ಮದುವೆ ಮುಗಿದು ಅವಳು ಪುಣೆಗೆ ಹೋದ ವರ್ಷ, ಒಂದು ಭಾನುವಾರ, ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಸದಾಶಿವಣ್ಣ ಹೇಳಿದರು: “ಅಕ್ಕ, ಇಪ್ಪತ್ತೆರಡು ವರ್ಷ ಬಾಂದ್ರಾದಲ್ಲಿ ಬಸ್ಸು ತಿರುಗಿಸಿದ್ದು ನಾನು. ಬಾಂದ್ರಾದ ಆಚೆ ಎಂತ ಉಂಟು ಅಂತ ಒಮ್ಮೆ ನೋಡ್ಬೇಕು.”

“ಖಾರ್ ಸ್ಟೇಷನ್ ಉಂಟು,” ಎಂದಳು ಗಿರಿಜಾ.

ಅವರು ಮಾಲ್ಟಾದ ಸುದ್ದಿ ತೆಗೆದರು. ಸಮುದ್ರದ ನಡುವೆ ಒಂದು ಪುಟ್ಟ ದೇಶ, ಅಲ್ಲಿ ಬಸ್ಸಿಗೆ ಡ್ರೈವರುಗಳು ಬೇಕಾಗಿದ್ದಾರೆ, ನಮ್ಮ ಹಾಗೇ ಎಡಗಡೆಯಲ್ಲಿ ಓಡಿಸುತ್ತಾರೆ, ಅವರ ಜೊತೆ ಡಿಪೋದಲ್ಲಿದ್ದ ಒಬ್ಬರು ಆಗಲೇ ಹೋಗಿದ್ದಾರೆ. ಗಿರಿಜಾ ತಟ್ಟೆ ಕೆಳಗಿಟ್ಟಳು. ಅವಳು ಬಿಲ್ಡಿಂಗಿನ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿ ಕೊಡುತ್ತಾಳೆ. ಸೀರೆ ತಂದವರು ಕಡಿಮೆಯೆಂದರೆ ಅರ್ಧ ಗಂಟೆ ಕೂತು ಮಾತಾಡಿ ಹೋಗಬೇಕು, ಇಲ್ಲದಿದ್ದರೆ ಅವಳಿಗೆ ಕೆಲಸ ಮಾಡಿದ ಹಾಗೆ ಅನಿಸುವುದಿಲ್ಲ.

“ನೀವು ಹೋಗಿ. ನಾನು ಅಲ್ಲಿ ಬಂದು ಯಾರ ಹತ್ರ ಮಾತಾಡುದು, ಗೋಡೆ ಹತ್ರವಾ?” ಎಂದಳು. ಆಮೇಲೆ, ಅವರ ಮುಖ ಸಣ್ಣದಾದದ್ದು ನೋಡಿ, ಸ್ವಲ್ಪ ತಗ್ಗಿದಳು: “ನೀವು ಮೊದಲು ಅಲ್ಲಿ ನಿಲ್ಲಿ ಮಾರಾಯ್ರೆ. ನಾನು ಹೊರಡುದು ಮತ್ತೆ ನೋಡುವ.”

ಸದಾಶಿವಣ್ಣ ಹೋದರು. ಒಂದು ತಿಂಗಳು ತರಬೇತಿ, ಆರು ತಿಂಗಳು ಪ್ರೊಬೇಷನ್. ದಿನಾ ನಾಲ್ಕು ಗಂಟೆಗೆ, ಅವರ ಡ್ಯೂಟಿಗೆ ಮೊದಲು, ಗಿರಿಜಾಳ ಮೊಬೈಲಿಗೆ ವಿಡಿಯೋ ಕಾಲ್ ಬರುತ್ತಿತ್ತು. ಅವಳು ಅದನ್ನು ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬರುತ್ತಿದ್ದಳು, ನಮ್ಮಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಎಂಬ ನೆಪದಲ್ಲಿ. ಸದಾಶಿವಣ್ಣ ಹೊಸ ಹೊಸ ಸಂಗತಿ ಹೇಳುತ್ತಿದ್ದರು. “ಅಕ್ಕ, ಇವರ ದೇಶ ಚೆಂಬೂರಿನಿಂದ ಬೋರಿವಲಿವರೆಗೆ, ಅಷ್ಟೇ. ಉಳಿದವರಿಗೆ ರಸ್ತೆ ಮುಗೀತದೆ, ನನಗೆ ದೇಶವೇ ಮುಗೀತದೆ. ಅಲ್ಲಿ ಬಸ್ಸು ತಿರುಗಿಸುದು.” ಇನ್ನೊಂದು ದಿನ: “ಇಲ್ಲಿಯ ಬಸ್ಸಿಗೆ ಕ್ಲಚ್ಚೇ ಇಲ್ಲ. ನನ್ನ ಬಲಗಾಲು ಕೆಲಸಕ್ಕೆ ಬಂದದ್ದು, ಎಡಗಾಲು ಸುಮ್ಮನೆ ಟೂರಿಗೆ ಬಂದದ್ದು.”

ಎರಡನೆಯ ತಿಂಗಳು ಒಂದು ದಿನ ಅವರು ಜೋಕು ಹೇಳಲಿಲ್ಲ.

“ಗಿರಿಜಾ, ನನ್ನ ಮೇಲೆ ಕಂಪ್ಲೇಂಟ್ ಆಯ್ತು,” ಎಂದರು.

ನಾನು ಹುರಿಯುತ್ತಿದ್ದ ರವೆಯನ್ನು ಇಳಿಸಿ ಬಂದೆ. ಅಲ್ಲಿನ ಬಸ್ಸಿನಲ್ಲಿ ಕಂಡಕ್ಟರು ಇಲ್ಲ. ಇಳಿಯುವವರು ಕಂಬದ ಮೇಲಿನ ಕೆಂಪು ಗುಂಡಿ ಒತ್ತಬೇಕು, ಡ್ರೈವರನ ಹತ್ತಿರ ಟಿಣ್ ಅನ್ನುತ್ತದೆ, ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಬೇಕು. ಸಾಮಾನ್ಯವಾಗಿ ಜನ ಒಂದೇ ಸಲ ಒತ್ತುತ್ತಾರೆ. ಆ ದಿನ, ಗುಡ್ಡದ ಹಳ್ಳಿಯೊಂದರ ಅಜ್ಜಿ ಎರಡು ಸಲ ಒತ್ತಿದ್ದಾಳೆ. ಅವಳಿಗೆ ಕಿವಿ ಸ್ವಲ್ಪ ಮಂದ. ಮೊದಲನೆಯದು ಸದ್ದಾಯಿತೋ ಇಲ್ಲವೋ ಎಂದು ಇನ್ನೊಂದು. ಟಿಣ್ ಟಿಣ್. ಸ್ಟಾಪಿಗೆಂದು ನಿಧಾನ ಮಾಡಿದ್ದ ಸದಾಶಿವಣ್ಣ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಕಾಲೊತ್ತಿ ಹೊರಟೇಬಿಟ್ಟರು.

“ಅಜ್ಜಿ ಕೂಗ್ಲಿಕ್ಕೆ ಶುರು ಮಾಡಿತು. ಮೆಲಾ, ಮೆಲಾ ಅಂತ. ನಾನು ಎಂತ ತಿಳ್ಕೊಂಡದ್ದು ಅಂದ್ರೆ, ಇಳಿಯುದು ಇಲ್ಲಿ ಅಲ್ಲ, ಮೇಲೆ, ಮೇಲೆ ಹೋಗು ಅಂತ ಹೇಳುದು ಅಂತ.”

“ಅವಳು ಕನ್ನಡದಲ್ಲಿ ಯಾಕೆ ಹೇಳ್ತಾಳೆ?” ಎಂದಳು ಗಿರಿಜಾ.

“ಆ ಗಾಬರಿಯಲ್ಲಿ ಅದು ಹೊಳೀಲಿಲ್ಲ ಮಾರಾಯ್ತಿ. ಗುಡ್ಡದ ತುದಿವರೆಗೆ ಕರ್ಕೊಂಡು ಹೋದೆ.”

ನನಗೆ ನಗು ತಡೆಯಲಿಲ್ಲ. ಸದಾಶಿವಣ್ಣನಿಗೂ ಕೊನೆಗೆ ನಗು ಬಂತು. ಗಿರಿಜಾ ನಗಲಿಲ್ಲ. ಐದನೆಯ ದಿನಕ್ಕೆ ಎರಡನೆಯ ಕಂಪ್ಲೇಂಟು ಬಂತು. ಅದೇ ಅಜ್ಜಿ, ಅದೇ ಟಿಣ್ ಟಿಣ್, ಅದೇ ಗುಡ್ಡ. ಮೂರನೆಯದು ಬಂದರೆ ಪ್ರೊಬೇಷನ್ ಅಲ್ಲಿಗೇ ಮುಗಿಯಿತು, ಊರಿಗೆ ಹೋಗಬಹುದು ಎಂದು ಮೇಲಿನವರು ಹೇಳಿದರಂತೆ. “ತಲೆಗೆ ಗೊತ್ತುಂಟು ಗಿರಿಜಾ, ಕಾಲಿಗೆ ಗೊತ್ತಾಗುದಿಲ್ಲ,” ಎಂದರು. ಅವರ ದನಿ ನಮ್ಮ ಬಾಗಿಲ ಹೊರಗೆ ನಿಂತು ಮಾತಾಡಿದ ಹಾಗೆ ಸಣ್ಣಗೆ ಕೇಳಿಸಿತು.

ಮರುದಿನ ನಾಲ್ಕು ಗಂಟೆಗೆ ಗಿರಿಜಾ ಬರುವಾಗ ಕೈಯಲ್ಲಿ ಒಂದು ಸ್ಟೀಲ್ ಚೊಂಬು, ಒಂದು ಚಮಚ ಇತ್ತು. ಮೊಬೈಲನ್ನು ನಮ್ಮ ಉಪ್ಪಿನ ಭರಣಿಗೆ ಒರಗಿಸಿ ನಿಲ್ಲಿಸಿದಳು.

“ನಿಮ್ಮ ಚಪ್ಪಲಿ ತನ್ನಿ. ಬಲಗಡೆದು ಮಾತ್ರ. ಮಗುಚಿ ಇಡಿ. ಅದು ಬ್ರೇಕು. ನಾನು ಎರಡು ಹೊಡೆದ ಕೂಡಲೇ ಒತ್ಬೇಕು.”

“ಎಂತದಿದು ಗಿರಿಜಾ, ಮಕ್ಕಳಾಟ?”

ಟಣ್ ಟಣ್. ಚಪ್ಪಲಿಯ ಮೇಲಿದ್ದ ಕಾಲು ಮೇಲಕ್ಕೆದ್ದು ಆಚೆ ಸರಿಯಿತು, ಆಕ್ಸಿಲರೇಟರು ಇರುವ ಕಡೆಗೆ. ಮೂವರೂ ಅದನ್ನು ನೋಡಿದೆವು.

“ನೋಡಿದ್ರಾ, ಹೊರಟಿರಿ,” ಎಂದಳು ಗಿರಿಜಾ. “ಇನ್ನೊಮ್ಮೆ.”

ಹದಿನೇಳು ದಿನ ಇದು ನಡೆಯಿತು. ನಾನು ಸಂಜೆಯ ಕಾಫಿ ಸೋಸುತ್ತಿದ್ದರೆ ಇವಳು ಟಣ್ ಟಣ್ ಹೊಡೆಯುವುದು, ಅವರು ಅಲ್ಲಿ ಮಂಚದ ಮೇಲೆ ಕೂತು ಚಪ್ಪಲಿ ತುಳಿಯುವುದು. ಇವಳು ಸುಮ್ಮನೆ ಬಾರಿಸುತ್ತಿರಲಿಲ್ಲ. ಊಟಕ್ಕೆ ಏನು ಮಾಡಿದಿರಿ, ಬಟ್ಟೆ ಒಗೆದಿರಾ ಎಂದು ಮಾತಿಗೆ ಎಳೆದು, ಅವರು ಮೈಮರೆತಾಗ ಹೊಡೆಯುತ್ತಿದ್ದಳು. ಎರಡನೆಯ ಮಾಳಿಗೆಯ ಮರಾಠಿ ಆಜಿ ಒಂದು ದಿನ ಬಂದು, ನಿಮ್ಮ ಮನೆಯಲ್ಲಿ ದಿನಾ ನಾಲ್ಕಕ್ಕೆ ಯಾವ ದೇವರ ಆರತಿ ಎಂದು ಕೇಳಿ ಹೋದರು. ಒಂಬತ್ತನೆಯ ದಿನ ಕಾಲು ಗೊಂದಲಕ್ಕೆ ಬಿದ್ದು ಎಲ್ಲಿಗೂ ಹೋಗದೆ ಗಾಳಿಯಲ್ಲಿ ನಿಂತಿತು. ಹದಿಮೂರನೆಯ ದಿನ ಚಪ್ಪಲಿಯ ಮೇಲೆ ಇಳಿಯಿತು.

ಆ ದಿನಗಳಲ್ಲೇ ನಾನು ಗಿರಿಜಾಳನ್ನು ಕೇಳಿದ್ದೆ. ಅವಳಿಗೆ ಅವರು ಅಲ್ಲಿರುವುದೇ ಇಷ್ಟವಿರಲಿಲ್ಲ. ಇನ್ನೊಂದು ಕಂಪ್ಲೇಂಟು ಆದರೆ ತಾನಾಗಿ ವಾಪಸು ಬರುತ್ತಿದ್ದರು. “ನೀನು ಯಾಕಮ್ಮ ಇಷ್ಟು ಕಷ್ಟಪಡ್ತೀಯ?” ಎಂದೆ.

ಅವಳು ಚೊಂಬನ್ನು ಸೆರಗಿನಿಂದ ಒರೆಸಿದಳು. “ಬರ್ಲಿ ಅಕ್ಕ, ಬರ್ಲಿಕ್ಕೆ ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಬಸ್ಸು ಓಡಿಸ್ಲಿಕ್ಕೆ ಬರುದಿಲ್ಲ ಅಂತ ಕಳ್ಸಿದ್ರು ಅಂತ ಆಗಿ ಬರ್ಬಾರ್ದು. ಹಾಗೆ ಬಂದ್ರೆ ಅವರು ನಿಮ್ಮ ಬೆಲ್ಲು ಒತ್ತುದಿಲ್ಲ ಇನ್ನು.”

ಹದಿನೆಂಟನೆಯ ದಿನ ಅಜ್ಜಿ ಅವರ ಬಸ್ಸಿಗೆ ಹತ್ತಿದಳು. ಟಿಣ್ ಟಿಣ್ ಒತ್ತಿದಳು. ಬಸ್ಸು ಗಕ್ಕನೆ ನಿಂತಿತು. ಸ್ಟಾಪಿಗೆ ಇನ್ನೂ ಹತ್ತು ಮಾರು ಇರುವಾಗಲೇ ನಿಂತಿತು. ಅಜ್ಜಿ ಮುಂದೆ ಬಂದು, ನಿನಗೆ ನನ್ನ ಮೇಲೆ ಏನು ಸಿಟ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದಳಂತೆ. ಸದಾಶಿವಣ್ಣ ತಮಗೆ ಬಂದ ಇಂಗ್ಲಿಷಿನಲ್ಲಿ ಮುಂಬಯಿ, ಕಂಡಕ್ಟರು, ಹಗ್ಗ, ಗಿರಿಜಾ, ಚೊಂಬು ಎಲ್ಲವನ್ನೂ ಹೇಳಿದರು. ಅಜ್ಜಿ ಕಂಬ ಹಿಡಿದುಕೊಂಡು ನಕ್ಕಳು. ಅವಳು ಬರೆದು ಕೊಟ್ಟಳೋ, ಹೋಗಿ ಹೇಳಿದಳೋ, ಆ ಎರಡು ಕಂಪ್ಲೇಂಟುಗಳನ್ನೂ ಅವಳೇ ವಾಪಸು ತೆಗೆದುಕೊಂಡಳು. ಅವಳ ಹೆಸರು ಕಾರ್ಮೆನಾ. ಅಂದಿನಿಂದ ಅವಳ ಸೀಟು ಡ್ರೈವರನ ಹಿಂದೆಯೇ. ಸದಾಶಿವಣ್ಣ ಪ್ರೊಬೇಷನ್ ದಾಟಿದರು.

ಅಲ್ಲಿಗೆ ಅವರು ನಿಂತದ್ದಾಯಿತು. ಗಿರಿಜಾ ಹೊರಡುವುದು ಉಳಿಯಿತು. ಅವರು ಕೇಳಿದಾಗಲೆಲ್ಲ ಇವಳು ಒಂದೊಂದು ನೆಪ ಹೇಳಿದಳು. ಮಗಳ ಬಾಣಂತನ, ದೀಪಾವಳಿ ಸೀರೆಗಳು, ಮೊಣಕಾಲು. ಒಂದು ದಿನ, ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಅವರು ಕಾಲ್ ಮಾಡಿದಾಗ, ಮೊಬೈಲಿನಲ್ಲಿ ಅವರ ಮುಖದ ಬದಲು ಬಿಳಿಕೂದಲಿನ ಒಂದು ಮುಖ ಬಂತು. ಕಾರ್ಮೆನಾ ಗಿರಿಜಾಳನ್ನು ನೋಡಿದಳು, ಗಿರಿಜಾ ಅವಳನ್ನು ನೋಡಿದಳು. ಅಜ್ಜಿ ಚೀಲದಿಂದ ಒಂದು ಲೇಸಿನ ತುಂಡು ತೆಗೆದು ಹಿಡಿದಳು. ಅದನ್ನು ಅವಳೇ ದಾರದಲ್ಲಿ ಹೆಣೆದದ್ದು. ಗಿರಿಜಾ ಮಡಿಲಲ್ಲಿದ್ದ ಸೀರೆಯ ಅಂಚನ್ನು ಮೊಬೈಲಿಗೆ ಹಿಡಿದು ತನ್ನ ಹೊಲಿಗೆ ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿ, “ಮೆಲಾ,” ಎಂದಳು.

“ಮತ್ತೆ?” ಎಂದಳು ಗಿರಿಜಾ, ತನ್ನ ಉಡುಪಿಯ ಧಾಟಿಯಲ್ಲಿ, ಮತ್ತೇನು ಅಂದುಕೊಂಡಿದ್ದೀರಿ ಎನ್ನುವ ಹಾಗೆ.

“ಮೆಲಾ, ಮೆಲಾ,” ಎಂದು ಅಜ್ಜಿ ತಲೆಯಾಡಿಸಿದಳು.

ಕಾಲು ಗಂಟೆ ಹೀಗೇ ನಡೆಯಿತು. ಸದಾಶಿವಣ್ಣ ಆಮೇಲೆ ವಿವರಿಸಿದರು: ಮೆಲಾ ಅಂದರೆ ಅಲ್ಲಿಯವರು ಹೌದು ಅನ್ನುವುದಕ್ಕೂ ಹೇಳುತ್ತಾರೆ, ಹಾಗಾದರೆ ಅನ್ನುವುದಕ್ಕೂ, ಸರಿ ಅನ್ನುವುದಕ್ಕೂ, ಮಾತು ಮುಗಿದು ಸುಮ್ಮನೆ ಕೂತಾಗಲೂ. ಗಿರಿಜಾ ನನಗೆ ಹೇಳಿದಳು, “ಅದು ನಮ್ಮ ‘ಮತ್ತೆ’ ಹಾಗೆಯೇ ಅಕ್ಕ. ಒಂದು ಶಬ್ದ ಇದ್ರೆ ಸಾಕು, ಇಡೀ ದಿನ ಮಾತಾಡಬಹುದು.” ಆಮೇಲೆ ಎಷ್ಟೋ ಸಂಜೆ ನಾನು ಅಡುಗೆಮನೆಯಲ್ಲಿ ಒಂದು ಕಡೆಯಿಂದ ಮೆಲಾ, ಇನ್ನೊಂದು ಕಡೆಯಿಂದ ಮತ್ತೆ ಕೇಳಿಸಿಕೊಂಡಿದ್ದೇನೆ. ಇಬ್ಬರಿಗೂ ಏನು ಅರ್ಥವಾಗುತ್ತಿತ್ತೋ ತಿಳಿಯದು. ಸೂಜಿ ದಾರ ಮಾತ್ರ ಎರಡೂ ಕಡೆ ನಡೆಯುತ್ತಿತ್ತು.

ಎರಡು ವರ್ಷ ಕಳೆದು ಈ ತಿಂಗಳು ಸದಾಶಿವಣ್ಣ ರಜೆಯ ಮೇಲೆ ಬಂದರು. ಬಂದು ನಮ್ಮ ಬಾಗಿಲಿಗೆ ಒಂದು ಬೆಲ್ ಒತ್ತಿದರು. ಕಾಫಿ ಕುಡಿದು ಹೋಗುವಾಗ ನಾನು ಬಾಗಿಲು ಹಾಕಿ ಕಾದೆ. ಎರಡು ಬೆಲ್ ಬರಲಿಲ್ಲ. ತೆರೆದು ನೋಡಿದರೆ ಅವರು ಬೆರಳು ಬೆಲ್ಲಿನ ಹತ್ತಿರ ಇಟ್ಟುಕೊಂಡು ನಿಂತಿದ್ದರು.

“ಈಗ ನನಗೆ ಎರಡು ಅಂದ್ರೆ ನಿಲ್ಲುದು ಅಕ್ಕ. ಬಾರಿಸಿದ್ರೆ ಇಲ್ಲೇ ನಿಂತುಬಿಡ್ತೇನೆ,” ಎಂದರು.

ನಾನು ತಮಾಷೆ ಅಂದುಕೊಂಡೆ. ಮಾರನೆಯ ದಿನ ಮೂವರೂ ಬಸ್ಸಿನಲ್ಲಿ ಬಾಂದ್ರಾಕ್ಕೆ ಹೊರಟೆವು, ಅವರ ಹಳೆಯ ರೂಟಿನಲ್ಲಿ. ಕಂಡಕ್ಟರು ಟಣ್ ಟಣ್ ಎಳೆದ. ಬಸ್ಸು ಹೊರಟಿತು, ಸದಾಶಿವಣ್ಣ ಬ್ರೇಕು ಹಾಕಿದರು. ಅವರ ಕಾಲ ಕೆಳಗೆ ಪಕ್ಕದ ಹುಡುಗಿಯ ಕಾಲಿತ್ತು. “ಕಾಕಾ, ಪಾಯ್,” ಎಂದಳು ಅವಳು ಮರಾಠಿಯಲ್ಲಿ, ತನ್ನ ಕಾಲು ತೋರಿಸಿ. ಬಾಂದ್ರಾ ಸೇರುವವರೆಗೆ ಪ್ರತಿ ಸ್ಟಾಪಿನಲ್ಲೂ ಬಸ್ಸು ಒಂದು ಕಡೆಗೆ, ಇವರು ಇನ್ನೊಂದು ಕಡೆಗೆ. ಗಿರಿಜಾ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. “ನಾನು ಕಲಿಸಿದ್ದು,” ಎಂದಳು ನನಗೆ, ಮೆಲ್ಲಗೆ.

ಗಿರಿಜಾ ಹೊರಡುವ ಕಾಗದಪತ್ರಗಳೂ ಆಗಿದ್ದವು. ಈ ಸಲ ಸದಾಶಿವಣ್ಣ ಒತ್ತಾಯ ಮಾಡಲಿಲ್ಲ. ಅವಳು ಬರದಿದ್ದರೆ ಅಲ್ಲಿಯ ಕೆಲಸ ಬಿಟ್ಟು ಬರುತ್ತೇನೆ, ಇನ್ನು ಒಬ್ಬನೇ ಇರಲಾರೆ ಎಂದು ನಮ್ಮ ಯಜಮಾನರಿಗೆ ಮಾತ್ರ ಹೇಳಿದ್ದರು. ಯಜಮಾನರು ನನಗೆ ಹೇಳಿದರು; ನಾನು ಗಿರಿಜಾಳಿಗೆ ಹೇಳಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು.

ಇವತ್ತು ಹತ್ತು ಗಂಟೆಗೆ ಅವಳು ಅಡುಗೆಮನೆಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಳು. ಹೊಸ ಸೀರೆ ಉಟ್ಟಿದ್ದಳು, ಕಾಲಿಗೆ ಬೂಟು ಹಾಕಿದ್ದಳು, ಕಣ್ಣು ಕೆಂಪಾಗಿತ್ತು. “ಅಕ್ಕ, ನಾನು ಹೋಗುದಿಲ್ಲ ಅಂತ ಈಗ ಹೇಳಿದ್ರೆ ಎಂತ ಆದೀತು?”

“ಏನೂ ಆಗಲ್ಲ,” ಎಂದೆ. “ಸೂಟ್‌ಕೇಸು ಬಿಚ್ಚೋದು. ಸದಾಶಿವಣ್ಣನಿಗೆ ಇಲ್ಲೇ ಯಾವುದಾದರೂ ಸ್ಕೂಲ್ ಬಸ್ಸು ಸಿಗತ್ತೆ.”

ಅವಳು ಕಾಫಿ ಕುಡಿದಳು. ಲೋಟ ಕೆಳಗಿಟ್ಟು, “ಸ್ಕೂಲ್ ಬಸ್ಸಿನಲ್ಲಿ ಎರಡು ಬೆಲ್ಲಿಗೆ ಎಂತ ಮಾಡ್ತಾರೆ?” ಎಂದು ಕೇಳಿದಳು.

“ಹೊರಡ್ತಾರೆ ಅಂತ ಕಾಣತ್ತೆ.”

“ಮತ್ತೆ,” ಎಂದಳು. ಅದು ಯಾವ ‘ಮತ್ತೆ’ ಎಂದು ನನಗೆ ತಿಳಿಯಲಿಲ್ಲ. ಎದ್ದು ಲೋಟ ತೊಳೆದಿಟ್ಟು ಹೋದಳು.

ಹನ್ನೊಂದೂವರೆಗೆ ಟ್ಯಾಕ್ಸಿ ಬಂತು. ಸದಾಶಿವಣ್ಣ ನಮ್ಮ ಯಜಮಾನರ ಕೈ ಹಿಡಿದು ಅಲುಗಿಸಿದರು, ನನಗೆ ಬೀಗದ ಕೈ ಕೊಟ್ಟರು. “ಬರ್ತೇವೆ ಅಕ್ಕ” ಎಂದರೋ, “ಬರ್ತೇನೆ ಅಕ್ಕ” ಎಂದರೋ, ಅವರಿಗೂ ಖಾತ್ರಿ ಇದ್ದಂತಿರಲಿಲ್ಲ. ಎರಡೂ ಸೂಟ್‌ಕೇಸು ಎತ್ತಿಕೊಂಡರು. ಲಿಫ್ಟು ಕೆಟ್ಟಿತ್ತು. ಅವರು ಮೆಟ್ಟಿಲು ಇಳಿಯತೊಡಗಿದರು. ಗಿರಿಜಾ ನಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ನಾನು ಅವಳ ಬೆನ್ನು ತಟ್ಟಿ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿದೆ; ತಳ್ಳಿದ ಹಾಗೂ ಆಗಬಾರದು, ಕರೆದ ಹಾಗೂ ಆಗಬಾರದು.

ಬೆಲ್ ಆಯಿತು. ಟಿಣ್ ಟಿಣ್.

ಮೆಟ್ಟಿಲ ಮೇಲೆ ಸದಾಶಿವಣ್ಣ ಗಕ್ಕನೆ ನಿಂತರು, ಬಲಗಾಲು ಮುಂದೆ, ಎರಡು ಕೈಯಲ್ಲೂ ಸೂಟ್‌ಕೇಸು. ತಿರುಗಿ ನೋಡದೆಯೇ ಕೇಳಿದರು, “ಎಂತ ಗಿರಿಜಾ, ಬರುದಿಲ್ಲವಾ?”

ಗಿರಿಜಾಳ ಬೆರಳು ಇನ್ನೂ ನಮ್ಮ ಬೆಲ್ಲಿನ ಮೇಲಿತ್ತು. “ನಿಲ್ಲುದು ಎಂತಕ್ಕೆ?” ಎಂದಳು. “ಇದು ಮುಂಬಯಿ ಬೆಲ್ಲು ಮಾರಾಯ್ರೆ. ಹೊರಡಿ.”

ಮತ್ತು ಸೆರಗು ಸಿಕ್ಕಿಸಿಕೊಂಡು, ಕೈಚೀಲದಲ್ಲಿ ಚೊಂಬು ಚಮಚ ಗಲಗಲ ಅನ್ನಿಸುತ್ತಾ, ಅವರಿಗಿಂತ ಮೊದಲು ಮೆಟ್ಟಿಲು ಇಳಿದಳು. ಸದಾಶಿವಣ್ಣನ ಕಾಲಿಗೆ ಹೊರಡಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ನಾಲ್ಕಕ್ಕೆ ಕಾಫಿ ಸೋಸಿದೆ. ಅಡುಗೆಮನೆ ನಿಶ್ಶಬ್ದವಾಗಿತ್ತು. ಬಟ್ಟೆ ಮಡಿಸಿದೆ. ಗಿರಿಜಾ ಫ್ರಿಜ್ ಖಾಲಿ ಮಾಡುವಾಗ ಒಂದು ಡಬ್ಬಿ ದೋಸೆ ಹಿಟ್ಟು, ಅರ್ಧ ಹೋಳು ತೆಂಗಿನಕಾಯಿ ಕೊಟ್ಟು ಹೋಗಿದ್ದಳು. ರಾತ್ರಿ ಅದನ್ನೇ ಹುಯ್ದೆ, ಕಾಯಿಚಟ್ನಿ ಅರೆದೆ, ಜೊತೆಗೆ ಬದನೆಕಾಯಿ ಪಲ್ಯ. ಯಜಮಾನರು ಐದು ತಿಂದರು, ನಾನು ಮೂರು. ಅವರು ತಲುಪಿದ ಫೋನು ಬರುವವರೆಗೆ ಮಲಗುವುದಿಲ್ಲ ಎಂದು ಯಜಮಾನರು ಮೊಬೈಲ್ ಹಿಡಿದು ಕುರ್ಚಿಯಲ್ಲಿ ಕೂತರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಕನ್ನಡಕದೊಂದಿಗೇ ನಿದ್ದೆ ಹೋಗಿದ್ದರು. ಅವರೇ ಮೊದಲು ಮಲಗಿದ್ದು.